ಅರ್ಧ ಸುತ್ತು

ನಮ್ಮ ಗಿರೆಸುನ್‌ನಲ್ಲಿ ಹೆಣ್ಣು ಕೇಳಲು ಬಂದವರಿಗೆ
ಹುಡುಗಿಯೇ ಕಾಫಿ ಮಾಡಿ ತರಬೇಕು;
ಹುಡುಗನ ಬಟ್ಟಲಿಗೆ ಮಾತ್ರ ಸಕ್ಕರೆಯ ಬದಲು ಉಪ್ಪು.
ಮುಖ ಕಿವಿಚದೆ ಕುಡಿದರೆ ಗಂಡು ಪಾಸು.
ಇದು ಎಲ್ಲರಿಗೂ ಗೊತ್ತಿರುವ ಗುಟ್ಟು, ಹುಡುಗನಿಗೂ.

ನನ್ನಕ್ಕ ಶೆಹ್ರಿಬಾನ್ ಒಂದು ಚಮಚ ಹಾಕಿದಳು.
ಬಾಗಿಲ ಸಂದಿಯಿಂದ ಇಣುಕಿ, ಹುಡುಗನ ಮೀಸೆ ನೋಡಿ
ಇನ್ನೆರಡು ಹಾಕಿದಳು.
"ಸಾಕೇ, ಸಮುದ್ರ ಇರೋದು ಹೊರಗೆ" ಅಂದಳು ಅಮ್ಮ.
ಆರೂ ಬಟ್ಟಲು ಒಂದೇ ಥರ. ಉಪ್ಪಿನದು ಎಡಮೂಲೆಗೆ.
ಎಡಕ್ಕೆ, ಎಡಕ್ಕೆ, ಅಂತ ತನಗೆ ತಾನೇ ಹೇಳಿಕೊಳ್ಳುತ್ತ
ಕೂದಲು ಸರಿಮಾಡಿಕೊಳ್ಳಲು ಕನ್ನಡಿಯ ಕಡೆ ತಿರುಗಿದಳು.

ನಾನು ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದೆ.

ಯಾಕೆ ಅಂತ ಕೇಳಬೇಡಿ.
ಹನ್ನೊಂದು ವರ್ಷದ ಕೈಗೆ ಯಾಕೆ ಅನ್ನುವುದು ಇರುವುದಿಲ್ಲ,
ತುರಿಕೆ ಇರುತ್ತದೆ.

ಒಳಗೆ ಆಗಲೇ ಒಂದು ಅವಾಂತರ ನಡೆದಿತ್ತು:
ಅವರು ತಂದ ಚಾಕೊಲೇಟ್ ಡಬ್ಬಿಯ ರಿಬ್ಬನ್ ಬಿಚ್ಚಿದರೆ
ಅಡಿಯಲ್ಲಿ ನಮ್ಮಪ್ಪನದೇ ಅಕ್ಷರ:
'ದಂತವೈದ್ಯ ರೆಫಿಕ್ ಅವರಿಗೆ, ಹಬ್ಬದ ಶುಭಾಶಯ.'
ಎಷ್ಟು ಮನೆ ಸುತ್ತಿ ಬಂದಿತ್ತೋ ಪಾಪ ಆ ಡಬ್ಬಿ.
ಅಮ್ಮ ಚೀಟಿಯನ್ನು ಬಾಯಿಗೆ ಹಾಕಿಕೊಂಡಳು.
ದೇವರಾಣೆ, ಚಾಕೊಲೇಟಿನ ಜೊತೆ ನುಂಗಿಯೇಬಿಟ್ಟಳು.

ಹುಡುಗನ ಅಪ್ಪ ಕಾಝಿಮ್ ಬೇ
ಹೇಝಲ್‌ನಟ್ ಮಂಡಿಯಲ್ಲಿ ನಲವತ್ತು ವರ್ಷ ರುಚಿ ನೋಡಿದವರು.
ಒಂದು ಬೀಜ ಕಡಿದರೆ ಯಾವ ಗುಡ್ಡದ್ದು, ಯಾವ ವಾರ ಒಣಗಿಸಿದ್ದು,
ಮಳೆ ತಾಗಿತ್ತೋ ಇಲ್ಲವೋ ಹೇಳುವ ನಾಲಿಗೆ.
ಆ ನಾಲಿಗೆಯ ಮೇಲೆ
ಮೂರು ಚಮಚ ಉಪ್ಪು ಇಳಿಯಿತು.

ನಾನು ಪರದೆಯ ಹಿಂದೆ. ಉಸಿರಿಲ್ಲ.
ಅವರ ಹುಬ್ಬು ಅಲ್ಲಾಡಲಿಲ್ಲ.
ಮೂಗಿನ ತುದಿ ಮಾತ್ರ ನಿಧಾನಕ್ಕೆ ಕೆಂಪಾಯಿತು.
ಉಪ್ಪು ತಿಂದವನು ನೀರು ಕುಡಿಯಲೇಬೇಕು ಅಂತಾರೆ.
ನೀರಿನ ಲೋಟ ಪಕ್ಕದಲ್ಲೇ ಇತ್ತು. ಮುಟ್ಟಲಿಲ್ಲ.
ಗಷ್ಟಿನ ತನಕ ಕುಡಿದು, ಬಟ್ಟಲು ಕೆಳಗಿಟ್ಟು,
ಕಣ್ಣು ನೆಟ್ಟಿದ್ದು ಎಲ್ಲಿ ಗೊತ್ತೆ?
ಪರದೆಯ ಕೆಳಗೆ ಕಾಣುತ್ತಿದ್ದ ನನ್ನ ಕಾಲ್ಬೆರಳುಗಳ ಮೇಲೆ.

ಹುಡುಗ ಯಾಲ್ಚಿನ್ ಸಿಹಿ ಕಾಫಿ ಕುಡಿದು ನಕ್ಕ.
ಅಕ್ಕ ಆ ನಗು ನೋಡಿದಳು. ಅಲ್ಲಿಗೆ ಮುಗಿಯಿತು.

"ಮೂರು ಚಮಚ! ರೆಪ್ಪೆ ಬಡಿಯಲಿಲ್ಲ ನನ್ನ ಗಂಡ."
ಇಪ್ಪತ್ತಾರು ವರ್ಷದಿಂದ ಹೇಳುತ್ತಿದ್ದಾಳೆ,
ಮದುವೆಗಳಲ್ಲಿ, ಬಸ್ಸಿನಲ್ಲಿ,
ರೆಫಿಕ್ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡೂ.
ಅವನು ಸಾಲ ಮಾಡಿ ಕೊಂಡ ದೋಣಿ ಮುಳುಗಿಸಿದ ವರ್ಷ
ಬಂದುಬಿಡೇ ಅಂತ ಅಮ್ಮ ಅತ್ತು ಕರೆದಾಗಲೂ
ಅದೇ ಉತ್ತರ: ಮೂರು ಚಮಚ ಅಮ್ಮ, ಮೂರು.
ನಾನು ಬಾಯಿ ತೆರೆದೆ. ಮುಚ್ಚಿದೆ.
ಆ ಕಥೆ ಬಂದಾಗಲೆಲ್ಲ ಭಾವ ಬಗ್ಗಿ
ಬೂಟಿನ ದಾರ ಬಿಗಿಯುತ್ತಾನೆ. ಬಿಗಿದದ್ದನ್ನೇ.

ಕಾಝಿಮ್ ಬೇ ಒಮ್ಮೆಯೂ ಹೇಳಲಿಲ್ಲ.
ಹಬ್ಬದ ದಿನ ಕೈಗೆ ಮುತ್ತಿಡಲು ಹೋದರೆ
ಎಲ್ಲ ಮಕ್ಕಳಿಗೂ ನೋಟು. ನನಗೆ ನೋಟಿನೊಳಗೆ
ಕಾಗದದಲ್ಲಿ ಮಡಿಸಿದ ಒಂದು ಚಿಟಿಕೆ ಉಪ್ಪು.
ಮೊದಲ ವರ್ಷ ಬಿಚ್ಚಿ ನೋಡಿ,
ಹನ್ನೆರಡು ತುಂಬಿದವನು, ಹೊಸ ಪ್ಯಾಂಟು ಒದ್ದೆ ಮಾಡಿಕೊಂಡೆ.
ಆಮೇಲಾಮೇಲೆ ಉಪ್ಪು ಬರದಿದ್ದರೆ ಏನು ಗತಿ ಅನ್ನಿಸುತ್ತಿತ್ತು.

ಹೋದ ಮಾರ್ಚಿನಲ್ಲಿ ಆಸ್ಪತ್ರೆ.
ಮಂಚದ ತಲೆಗೆ ಚೀಟಿ: ಉಪ್ಪು ಕೂಡದು.
ಅಕ್ಕ ಸೂಪು ಕುಡಿಸಿ ಬಟ್ಟಲು ತೊಳೆಯಲು ಹೋದಳು.
ಬೆರಳಲ್ಲೇ ನನ್ನನ್ನು ಕರೆದು, ಕಿವಿಯಲ್ಲಿ:
"ಎಲ್ಲ ಸಪ್ಪೆ ಕಣೋ. ಕಾಫಿ ತಾ.
ನಿನ್ನ ಕೈಯದು."

ತಂದೆನೋ ಇಲ್ಲವೋ, ನರ್ಸಿಗೆ ಏನು ಸುಳ್ಳು ಹೇಳಿದೆನೋ,
ಅದು ನಮ್ಮಿಬ್ಬರದು.
ಅಕ್ಕ ವಾಪಸು ಬಂದಾಗ
ಅವರ ಮೂಗಿನ ತುದಿ ಕೆಂಪಗಿತ್ತು.
"ಜ್ವರ ಬಂತಾ?" ಅಂತ ಹಣೆ ಮುಟ್ಟಿ ನೋಡಿದಳು.